ಹೋದ ಮೇಲೂ ಉಳಿದ ಕೆಮ್ಮು

ಮಗಳ ಹೆರಿಗೆಗೆ ಇನ್ನೂ ಸಾಕಷ್ಟು ಸಮಯವಿದೆ ಅನ್ನುವಾಗಲೇ ಗೋಕುಲಂ ಬಡಾವಣೆಯ ನಮ್ಮ ಮನೆಯಲ್ಲಿ ಬಾಣಂತನದ ತಯಾರಿ ಶುರುವಾಗಿತ್ತು. ಹಳೆಯ ಪಂಚೆಗಳನ್ನು ಹರಿದು, ಒಗೆದು, ಮಡಿಸಿಟ್ಟೆ. ಕಾಳುಮೆಣಸು, ಓಮಿನಕಾಳು, ಒಣಶುಂಠಿ ಹುರಿದು ಪುಡಿ ಮಾಡಿ ಡಬ್ಬಿಗೆ ತುಂಬಿದೆ. ಮೆಣಸು ಹುರಿದ ದಿನ ಮನೆಯವರೆಲ್ಲ ಕೆಮ್ಮಿದರು. ಉಳಿದವರ ಕೆಮ್ಮು ಸಂಜೆಗೆ ನಿಂತಿತು, ನನ್ನದು ನಿಲ್ಲಲಿಲ್ಲ. ಘಾಟು ಎಳೆದುಕೊಂಡಿದ್ದೀನಿ ಅಂದುಕೊಂಡು ಬಿಸಿನೀರು ಕುಡಿದೆ, ಮಾರನೆಯ ದಿನ ಮತ್ತೆ ಬಾಣಲೆ ಇಟ್ಟೆ. ಬಾಣಂತನಕ್ಕೆ ಸಜ್ಜಾಗುವ ಮನೆಯಲ್ಲಿ ಕೆಮ್ಮಿಗೆಂದು ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ?

ಮಗಳು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತಾಳೆ. ವಿಜಯನಗರದ ಅತ್ತೆಮನೆಯಿಂದ ಫೋನ್ ಮಾಡಿದ್ದಳು. ಮಾತಿನ ನಡುವೆ ನನಗೆ ಕೆಮ್ಮು ಬಂತು. ಒಂದರ ಬೆನ್ನಿಗೊಂದು, ಉಸಿರಿಗೂ ಬಿಡುವಿಲ್ಲದಂತೆ. ಕೊನೆಗೆ ಗಾಳಿ ಎಳೆದುಕೊಂಡಾಗ ಗಂಟಲಲ್ಲಿ ಕೂಗಿದಂಥ ಸದ್ದು.

"ಅಮ್ಮ, ಇನ್ನೊಂದ್ಸಲ ಕೆಮ್ಮು."

"ನೀನು ಕೇಳಿದ ತಕ್ಷಣ ಬರಕ್ಕೆ ಅದೇನು ಹಾಡೇನೆ?"

"ಬರತ್ತೆ, ಇರು."

ಬಂದೇಬಿಟ್ಟಿತು. "ಇದು ಘಾಟಲ್ಲ ಕಣಮ್ಮ," ಅಂದಳು, ಮೆಲ್ಲಗೆ. "ಇವತ್ತೇ ಹೋಗಿ ತೋರಿಸು."

ಮೂಗಿನೊಳಗೆ ಹತ್ತಿಕಡ್ಡಿ ಹಾಕಿ ಪರೀಕ್ಷೆ ಮಾಡಿದರು. ನಾಯಿಕೆಮ್ಮು. ಮಕ್ಕಳ ಕಾಯಿಲೆ ಅಲ್ಲವಾ ಅದು ಅಂದರೆ, ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಯ ಬಲ ನಮ್ಮ ವಯಸ್ಸಿಗೆ ಉಳಿದಿರುವುದಿಲ್ಲವಂತೆ. ಮಗಳು ಈ ಬಸುರಿನಲ್ಲಿ ಆ ಲಸಿಕೆ ಹಾಕಿಸಿಕೊಂಡಿದ್ದಳು. ಆದರೂ ಹಸುಗೂಸಿಗೆ ತಗುಲಿದರೆ ಅದು ಕೆಮ್ಮದೆಯೇ ಉಸಿರು ನಿಲ್ಲಿಸಿಬಿಡಬಹುದು ಎಂದಾಗ ಅವಳ ದನಿ ಪಾಠದ ದನಿಯಾಗಿರಲಿಲ್ಲ.

ಅದೇ ವಾರ ಅವಳಿಗೆ ನೋವು ಬಂತು. ಅವಧಿಗೆ ಮೊದಲೇ ಹುಟ್ಟಿದ ಪುಟ್ಟ ಹೆಣ್ಣುಮಗು ಆಸ್ಪತ್ರೆಯಿಂದ ನನ್ನ ಮನೆಗೆ ಬರಬೇಕಾದದ್ದು, ನೇರವಾಗಿ ವಿಜಯನಗರಕ್ಕೆ ಹೋಯಿತು. ನನಗೆ ಕೊಟ್ಟಿದ್ದ ಐದು ದಿನದ ಮಾತ್ರೆ ಮುಗಿಸಿದೆ. ಇನ್ನು ನಿಮ್ಮಿಂದ ಅಂಟುವುದಿಲ್ಲ ಅಂದರು ನನ್ನ ಡಾಕ್ಟರು. ಮಗುವಿನ ಡಾಕ್ಟರು ಮಾತ್ರ, ಕೂಸು ತುಂಬ ಸಣ್ಣದು, ಮೊದಲನೆ ಚುಚ್ಚುಮದ್ದು ಆಗುವತನಕ ಕೆಮ್ಮುವವರು ಯಾರೂ ಹತ್ತಿರ ಬೇಡ ಅಂದರು.

"ಕ್ರಿಮಿ ಸತ್ತ ಮೇಲೂ ನಾನ್ಯಾಕೆ ಕೆಮ್ತೀನಿ?" ಎಂದು ಫೋನಿನಲ್ಲಿ ಕೇಳಿದೆ. ಮಗುವಿಗೆ ಹಾಲೂಡಿಸುತ್ತಲೇ ಮಗಳು ಹೇಳಿದಳು.

"ಒಳಗೆ ಬಂದ್ರೆ ಸಾಲ್ದಮ್ಮ ಅದಕ್ಕೆ, ಅಂಟ್ಕೊಂಡು ನಿಲ್ಲಬೇಕು. ಅದಕ್ಕೇ ಅಂತ ಮೈಮೇಲೆ ಕೊಕ್ಕೆ ಥರದ್ದು ಇರತ್ತೆ. ನಿನ್ನ ಗಾಳಿಕೊಳವೆಯಲ್ಲಿ ಸಣ್ಣ ಸಣ್ಣ ರೋಮ ಇವೆ, ಕಫ ಗುಡಿಸಿ ಮೇಲಕ್ಕೆ ಕಳಿಸೋವು. ಸರಿಯಾಗಿ ಅವನ್ನೇ ಹಿಡ್ಕೊಂಡು, ವಿಷ ಬಿಟ್ಟು ಹಾಳು ಮಾಡತ್ತೆ. ಇನ್ನೊಂದು ವಿಷ ಇದೆ, ಬಿಳಿ ರಕ್ತಕಣಗಳನ್ನ ತಡೆಯೋದು. ಅವು ರಕ್ತದಲ್ಲೇ ಸುತ್ತುತಾ ಇರ್ತವೆ, ಬೇಕಾದ ಜಾಗಕ್ಕೆ ಹೋಗಕ್ಕಾಗಲ್ಲ. ಇವನ್ನೆಲ್ಲ ಸೇರಿಸಿ ವೈರುಲೆನ್ಸ್ ಫ್ಯಾಕ್ಟರ್ ಅಂತೀವಿ. ರೋಗಾಣುವಿನ ಆಯುಧ ಅಂತಿಟ್ಕೋ. ಮಾತ್ರೆ ಕ್ರಿಮೀನ ಕೊಲ್ಲತ್ತೆ, ಗುಡಿಸೋ ರೋಮ ಮತ್ತೆ ಬೆಳೆಯಕ್ಕೆ ಸಮಯ ಬೇಕು. ಅಲ್ಲೀತನಕ ಕೆಮ್ಮು."

ಬೇಕಾದ ಜಾಗಕ್ಕೆ ಹೋಗಲಾಗದೆ ಸುತ್ತುವುದೆಂದರೇನೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೆಣಸಿನಪುಡಿಯ ಡಬ್ಬಿ ಹಿಡಿದು ಆಟೋದಲ್ಲಿ ವಿಜಯನಗರಕ್ಕೆ ಹೋಗುತ್ತಿದ್ದೆ, ಗೇಟಿನ ಕಂಬದ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಯ ಮೊದಲು ಸಿಸ್ಟರ್ ಎಲ್ಲರ ಕರ್ಚೀಫು ನೋಡುತ್ತಿದ್ದರು. ಆ ಅಭ್ಯಾಸಕ್ಕೆ ಈಗಲೂ ನಾಲ್ಕಾಗಿ ಮಡಿಸಿದ ಕರ್ಚೀಫು ನನ್ನ ಕೈಯಲ್ಲೇ ಇರುತ್ತದೆ. ಅದನ್ನು ಬಾಯಿಗೊತ್ತಿಕೊಂಡು ಕಿಟಕಿ ನೋಡುತ್ತಿದ್ದೆ. ಸೊಳ್ಳೆಪರದೆಯಾಚೆ ಮಗಳು ಬಟ್ಟೆಯ ಸುರುಳಿಯೊಂದನ್ನು ಎತ್ತಿ ತೋರಿಸುತ್ತಿದ್ದಳು. ಒಮ್ಮೆ ಅದರಿಂದ ಒಂದು ಕೈ ಹೊರಗೆ ಬಂದಿತ್ತು.

ಮಗುವಿನ ಎಣ್ಣೆನೀರನ್ನು ಬೀಗಿತ್ತಿ ವಿಡಿಯೋದಲ್ಲಿ ತೋರಿಸುತ್ತಿದ್ದರು. ಬಚ್ಚಲಿನಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿರುತ್ತಿದ್ದರು.

"ನೋಡಿ, ನಿಮ್ಮ ಕೆಲಸಾನೆಲ್ಲ ನನ್ ಕೈಲಿ ಮಾಡಿಸ್ತಾ ಇದೀರ. ನನ್ನ ಮಂಡಿ ಹೋಯ್ತು ಕಣ್ರೀ."

"ಎಣ್ಣೆ ಸ್ವಲ್ಪ ಬೆಚ್ಚಗಿದೆಯಾ?"

"ಅಲ್ಲಿಂದಾನೇ ಅತ್ತೆಗಿರಿ ನಡೆಸ್ತೀರಲ್ಲ."

ಆವಿಗೆ ಫೋನಿನ ಕಣ್ಣು ಮಂಜಾಗುತ್ತಿತ್ತು. ಆಮೇಲೆ ಅಳು ಮಾತ್ರ ಕೇಳುತ್ತಿತ್ತು, ಸಾಂಬ್ರಾಣಿಯ ವಾಸನೆ ನಾನೇ ಸೇರಿಸಿಕೊಳ್ಳುತ್ತಿದ್ದೆ.

ಮಗುವಿಗೆ ಚುಚ್ಚುಮದ್ದು ಆಯಿತು, ಜ್ವರ ಬಂದು ಹೋಯಿತು. ನನ್ನ ಕೆಮ್ಮು ಅಷ್ಟರಲ್ಲಿ ಬೆಳಗಿನ ಹೊತ್ತಿಗಷ್ಟೇ ಇಳಿದಿತ್ತು. ಡಾಕ್ಟರು ಆಗಲಿ ಅಂದ ದಿನ ಬೀಗಿತ್ತಿಯೇ ಬಚ್ಚಲಿನಲ್ಲಿ ಮಣೆ ಹಾಕಿ, "ಬನ್ನಿ, ಡ್ಯೂಟಿ ತಗೊಳ್ಳಿ," ಅಂದರು. ಸೀರೆ ಮೇಲೆತ್ತಿ ಕಾಲು ಚಾಚಿದೆ. ಮಗಳು ಮಗುವನ್ನು ಮಲಗಿಸಿದಳು. ತಲೆ ನನ್ನ ಪಾದಗಳ ನಡುವೆ, ಪುಟ್ಟ ಹಿಮ್ಮಡಿ ಮಂಡಿಯ ಹತ್ತಿರ. ಕೂಸಿನ ತೊಡೆ ತುಂಬಿಕೊಂಡಿದ್ದವು. ಮಗಳು ಇದೇ ಕಾಲ ಮೇಲೆ ಹಸುಗೂಸಾಗಿ ಮಲಗಿದ್ದ ತೂಕ ನನಗೆ ಇವತ್ತಿಗೂ ಗೊತ್ತು. ಈ ಕೂಸಿನ ಮೊದಲ ದಿನಗಳ ತೂಕ ಮಾತ್ರ ನನ್ನ ಕಾಲಿಗೆ ಗೊತ್ತೇ ಆಗಲಿಲ್ಲ.

ಗಂಟಲು ಕೆರೆಯಿತು. ಮುಖ ಭುಜಕ್ಕೆ ತಿರುಗಿಸಿ ಕೆಮ್ಮಿದೆ. ಮಗಳು ಮಗುವನ್ನು ಎತ್ತಿಕೊಳ್ಳಲಿಲ್ಲ.

"ಮೊದಲ ದಿನ ಇವಳ ಪಾದ ಎಲ್ಲೀತನಕ ಬರ್ತಿತ್ತು?" ಎಂದು ಬೀಗಿತ್ತಿಯನ್ನು ಕೇಳಿದೆ.

ಅವರು ತಮಾಷೆ ಮಾಡಲಿಲ್ಲ. ಬಗ್ಗಿ, ಎಣ್ಣೆಯ ಬೆರಳನ್ನು ನನ್ನ ಮಂಡಿಯಿಂದ ಕೆಳಗೆ, ಕಾಲಿನ ಮೇಲೆ ಇಟ್ಟರು. "ಇಲ್ಲೀಗೆ."

ಎಣ್ಣೆಯ ಆ ಚುಕ್ಕೆಗೂ ಮಗುವಿನ ಹಿಮ್ಮಡಿಗೂ ನಡುವೆ ಅಂಗೈಯಷ್ಟು ಜಾಗವಿತ್ತು. ಅಲ್ಲಿ ಅಂಗೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ನೀರು ಆರುತ್ತೆ ಅಮ್ಮ ಅಂದಳು ಮಗಳು. ತಂಬಿಗೆ ತೆಗೆದುಕೊಂಡೆ.