ಮೈಲವ್ವನ ಕೌದಿ ಮತ್ತು ಹ್ಯಾಷ್‌ಟ್ಯಾಗು

ಕುಪ್ಪೇಲೂರಿನ ಮೈಲವ್ವನ ಕೈಗೆ ಹಳೆಯ ಸೀರೆ ಸಿಕ್ಕರೆ ಅದು ಕೌದಿಯಾಗದೆ ಉಳಿಯುತ್ತಿರಲಿಲ್ಲ. ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಆಕೆ ಹೊಲಿದ ಕೌದಿಯ ಮೇಲೆಯೇ ಮಗ್ಗುಲು ಹೊರಳಿದ್ದವು. ಸೊಸೆ ಸುಶ್ಮಿತಾ ಆ ಕೌದಿಗಳ ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕತೊಡಗಿದಳು. ಕೆಳಗೆ ಬರೆದ ಪದದ ಮುಂದೆ ಕಿಟಕಿಯ ಸರಳಿನಂಥ ಗುರುತೊಂದು ಮೈಲವ್ವನ ಕಣ್ಣಿಗೆ ಬಿತ್ತು. ಅದೇನೆಂದು ಕೇಳಿದಳು.

"ಹ್ಯಾಷ್‌ಟ್ಯಾಗ್ ಅಂತಾರ್ರಿ ಅತ್ತಿ. ಈ ಗುರ್ತು ಹಚ್ಚಿ ಕೌದಿ ಅಂತ ಯಾವ ಊರಾಗ ಯಾರ ಬರದು ಹಾಕಿದ್ರೂ, ಎಲ್ಲಾ ಒಂದ ಕಡೆ ಬಂದು ಕೂಡ್ತಾವ. ಅದನ್ನ ಒತ್ತಿದ್ರ ಸಾಕು, ಕಾಣ್ತಾವ."

ಮರುದಿನ ಮೈಲವ್ವ ತಾನೇ ಬರೆದಳು. ಆದರೆ ಕುಪ್ಪೇಲೂರು, ಕೌದಿ ಎಂಬ ಎರಡು ಪದಗಳ ನಡುವೆ ಜಾಗ ಬಿಟ್ಟಳು. ಗುರುತು ಮೊದಲ ಪದಕ್ಕಷ್ಟೇ ಅಂಟಿತು. ಕೌದಿ ಹೋಗಿ ಊರಿನ ಕಬಡ್ಡಿ ಹುಡುಗರ ಫೋಟೊಗಳ ನಡುವೆ ಕುಳಿತಿತು. ಸೊಸೆ ನಕ್ಕು, ಪದಗಳನ್ನು ಕೂಡಿಸಿ ಬರೆಯಬೇಕೆಂದು ತಿಳಿಸಿದಳು. ಆಮೇಲೆ ಎಮ್ಮೆಗೂ ರೊಟ್ಟಿಗೂ ಟ್ಯಾಗು ಬಿತ್ತು.

ಒಂದು ಮಧ್ಯಾಹ್ನ ಊರೂರ ಕೌದಿಗಳನ್ನು ನೋಡುತ್ತಿದ್ದ ಮೈಲವ್ವನ ಬೆರಳು ತಟ್ಟನೆ ನಿಂತಿತು. ಒಂದು ಕೌದಿಯ ಮೂಲೆಯಲ್ಲಿ ಹಸಿರು ಗಿಣಿ. ಅದರ ಬಾಲ ತಲೆಗಿಂತ ಮೇಲಿತ್ತು. ತವರೂರು ಕಾಗಿನೆಲೆಯಲ್ಲಿ ಹುಡುಗಿಯಾಗಿದ್ದಾಗ, ಪಕ್ಕದ ಮನೆಯ ದೌಲತಬಿಯೂ ಆಕೆಯೂ ಬಟ್ಟೆ ತಪ್ಪಾಗಿ ಕತ್ತರಿಸಿ, ಹಾಗೆಯೇ ಇರಲೆಂದು ಹೊಲಿದ ಗಿಣಿ ಅದು. ಮದುವೆಯಾಗಿ ದೌಲತಬಿ ಗಂಡನ ಜೊತೆ ಗೋವೆಗೆ ದುಡಿಯಲು ಹೋದ ಮೇಲೆ ಒಬ್ಬರ ಸುದ್ದಿ ಒಬ್ಬರಿಗಿರಲಿಲ್ಲ.

ಸುಶ್ಮಿತಾ ಕೂಡಲೇ ಮೆಸೇಜು ಕಳಿಸಿದಳು. ಫೋಟೊ ಹಾಕಿದ್ದು ದೌಲತಬಿಯ ಮೊಮ್ಮಗಳು. ಸಂಜೆಗೇ ವಿಡಿಯೊ ಕಾಲ್ ಬಂತು.

"ನಾ ಮೈಲವ್ವ, ಕಾಗಿನೆಲಿಯಾಕಿ. ಗುರ್ತು ಸಿಕ್ತನು?"

ಪರದೆಯೊಳಗಿನ ಮುದುಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಸಿಗದ ಏನ? ಕತ್ತರಿ ನಿನ್ನ ಕೈಯಾಗ ಇತ್ತು. ಗಿಣಿ ಕೆಟ್ಟಿದ್ದು ನಿನ್ನಿಂದನ."

ಅಲ್ಲ, ನಿನ್ನಿಂದಲೇ ಎಂದು ಮೈಲವ್ವ ವಾದಕ್ಕಿಳಿದಳು. ವಾದ ಮುಗಿಯುವಷ್ಟರಲ್ಲಿ ಇಬ್ಬರೂ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಮೈಲವ್ವ ಹರಕು ಸೀರೆಗಳ ಗಂಟು ಕಟ್ಟಿಕೊಂಡು ಮಗನ ಜೊತೆ ಗೋವೆಗೆ ಹೋದಳು. ಮಗನೊಬ್ಬನೇ ತಿರುಗಿ ಬಂದ. ದೌಲತಬಿಯ ಓಣಿಯ ಹೆಂಗಸರೆಲ್ಲ ಹೊಲಿಗೆ ಕಲಿಯಲು ಕೂತಿದ್ದಾರಂತೆ. ಸಮುದ್ರ ನೋಡಲು ಆಕೆಗೆ ಇನ್ನೂ ಪುರುಸೊತ್ತೇ ಸಿಕ್ಕಿಲ್ಲವಂತೆ.