ಬ್ರೇಕು ಮಾಮ ಇಳಿಜಾರು ಇಳಿದದ್ದು

ಸೈಕಲ್ ರಿಪೇರಿಯವರನ್ನು ಬೀದಿಗೆ ಬೀದಿಯೇ ಬ್ರೇಕು ಮಾಮ ಎಂದು ಕರೆಯುತ್ತಿತ್ತು. ಪಂಕ್ಚರ್ ಹಾಕಿಸಲು ಬಂದವರಿರಲಿ, ಗಾಳಿ ತುಂಬಿಸಲು ಬಂದವರಿರಲಿ, ಮಾಮ ಮೊದಲು ಕುಕ್ಕರಗಾಲಲ್ಲಿ ಕೂತು ಬ್ರೇಕಿನ ರಬ್ಬರು ಒತ್ತಿ ನೋಡುತ್ತಿದ್ದರು. ಬರೀ ವಿಳಾಸ ಕೇಳಲು ನಿಂತವರ ಸೈಕಲ್ಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. "ಇದು ಸವೆದುಹೋಗಿದೆಯಲ್ಲಪ್ಪಾ, ಎರಡು ನಿಮಿಷ ನಿಲ್ಲು" ಎಂದು ಸ್ಪ್ಯಾನರ್ ಎತ್ತಿಕೊಂಡರೆ, ಅವಸರವಿದ್ದವರೂ ಬಾಯಿ ಮುಚ್ಚಿಕೊಂಡು ನಿಲ್ಲಬೇಕಾಗಿತ್ತು.

ಇಷ್ಟೆಲ್ಲ ಕಾಳಜಿಯ ಹಿಂದೆ ಒಂದು ಗುಟ್ಟಿತ್ತು. ಮಾಮನಿಗೆ ಇಳಿಜಾರೆಂದರೆ ಜೀವಭಯ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬೇರೊಂದು ಊರಿನ ದಿಣ್ಣೆ ಇಳಿಯುವಾಗ ಬ್ರೇಕಿನ ತಂತಿ ಕಡಿದು, ಇಟ್ಟಿಗೆ ರಾಶಿಗೆ ನುಗ್ಗಿ, ಮೂರು ತಿಂಗಳು ಮಂಚ ಹಿಡಿದಿದ್ದರು. ಅಂದಿನಿಂದ ಇಳಿಜಾರಿನಲ್ಲಿ ಪೆಡಲ್ ಮೇಲೆ ಕಾಲಿಟ್ಟವರಲ್ಲ. ಊರು ಅಂಗೈಯಷ್ಟು ಮಟ್ಟಸವಾಗಿದ್ದದ್ದು ಪುಣ್ಯ. ಇದ್ದ ಒಂದೇ ಇಳಿಜಾರು ರೈಲು ಹಳಿಯ ಮೇಲಿನ ಸೇತುವೆಯದು. ಅಲ್ಲಿ ಬಂದಾಗಲೆಲ್ಲ "ಚೈನು ಯಾಕೋ ಸದ್ದು ಮಾಡ್ತಿದೆ" ಎಂದು ಇಳಿದು, ತಳ್ಳಿಕೊಂಡು ಹೋಗಿ, ಕೆಳಗೆ ಹೋದಮೇಲೆ ಮತ್ತೆ ಹತ್ತುತ್ತಿದ್ದರು. ಸೈಕಲ್ ರಿಪೇರಿಯವನಿಗೆ ಸೈಕಲ್ಲೆಂದರೇ ಹೆದರಿಕೆ ಎಂದು ಗೊತ್ತಾದರೆ ಮುಖವೆತ್ತಿ ತಿರುಗುವುದು ಹೇಗೆ?

ಹೆಂಡತಿ ಹೆರಿಗೆ ವಾರ್ಡಿನ ನರ್ಸು. ಮೂವತ್ತೊಂದು ವರ್ಷ ಸೈಕಲ್ ತುಳಿದುಕೊಂಡೇ ಡ್ಯೂಟಿಗೆ ಹೋಗಿಬಂದ ಗಟ್ಟಿಗಿತ್ತಿ. ನಿವೃತ್ತಿಯ ದಿನ ಮನೆಗೆ ಬಂದು, ಬಿಳಿ ಬೂಟು ಬಿಚ್ಚಿ ಮೂಲೆಗಿಟ್ಟು, ಗಂಡನ ಮುಂದೆ ಒಂದು ಮ್ಯಾಪು ಹರಡಿದರು.

"ಐದು ದಿನ. ಈ ಗುಡ್ಡಗಳನ್ನೆಲ್ಲ ಹತ್ತಿ ಆ ಕಡೆ ಇಳಿಯೋದು. ನೀವು, ನಾನು, ಸೈಕಲ್ಲು. ಇನ್ಯಾರೂ ಬೇಡ."

ಮಾಮ ಅವಸರದಲ್ಲಿ ಮ್ಯಾಪನ್ನು ಮಡಿಸತೊಡಗಿದರು. "ಬಸ್ಸಲ್ಲಿ ಹೋದ್ರಾಗಲ್ವೇನೇ?"

"ಬಸ್ಸಲ್ಲಿ ಹೋಗೋಕೆ ನಿಮ್ಮನ್ನೇ ಮದುವೆ ಆಗಬೇಕಿತ್ತಾ?"

ಮಾಮನಿಗೆ ಬೇರೊಂದು ಉಪಾಯ ಹೊಳೆಯಿತು. ಎರಡು ಹಳೆಯ ಸೈಕಲ್ಲುಗಳನ್ನು ಕೊಯ್ದು, ಬೆಸೆದು, ಇಬ್ಬರು ಕೂರುವ ಒಂದೇ ಉದ್ದನೆಯ ಸೈಕಲ್ ಮಾಡುವುದು. ಹ್ಯಾಂಡಲ್ ತನ್ನ ಕೈಯಲ್ಲಿದ್ದರೆ ಎಲ್ಲಿ ಇಳಿಯಬೇಕು, ಎಲ್ಲಿ ತಳ್ಳಬೇಕು ಎನ್ನುವುದೂ ತನ್ನ ಕೈಯಲ್ಲೇ ತಾನೇ? ಮೂರು ತಿಂಗಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಡಿ ಹಾರಿಸಿದರು. ಕೊನೆಗೆ ಹೊರಬಂದ ಹಸಿರು ಸೈಕಲ್ಲಿಗೆ ಎರಡು ಸೀಟು, ಎರಡು ಜೊತೆ ಪೆಡಲು, ಮೂರು ಬ್ರೇಕು. ನರ್ಸಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದರು. "ಮೂರು ಸಾಕೇನ್ರೀ?" ಎಂದರು ಅಷ್ಟೇ.

ಮೊದಲ ಎರಡು ದಿನ ಬರೀ ಏರು. ಏರಿನಲ್ಲಿ ಮಾಮನನ್ನು ಹಿಡಿಯುವವರಿಲ್ಲ. ತೊಡೆ ಉರಿಯುತ್ತಿದ್ದರೂ ಖುಷಿಯೋ ಖುಷಿ. ತಿರುವು ತಿರುವಿಗೂ ಕೆಳಗಿನ ಊರು ಚಿಕ್ಕದಾಗುತ್ತ, ಮನೆಗಳು ಬೆಂಕಿಪೊಟ್ಟಣಗಳಾಗುತ್ತ ಹೋದವು. ಹಿಂದಿನ ಸೀಟಿನಿಂದ ನರ್ಸಮ್ಮನ ಬಾಯಿಗೆ ಬಿಡುವಿರಲಿಲ್ಲ. "ಆ ಝರಿ ನೋಡಿದ್ರಾ? ಆ ಕುರಿಮಂದೆ ನೋಡಿದ್ರಾ?" ಮಾಮ ಎಲ್ಲಿ ನೋಡಬೇಕು? ರಸ್ತೆಯ ಗುಂಡಿಗಳಿಂದ ಕಣ್ಣು ಕೀಳುವ ಹಾಗಿರಲಿಲ್ಲ. "ನೋಡ್ದೆ, ನೋಡ್ದೆ" ಎಂದು ಸುಳ್ಳೇ ಹೂಂಗುಟ್ಟಿದರು.

ಮೂರನೆಯ ದಿನ ಮೇಲಿನ ಹುಲ್ಲುಗಾವಲು. ನೆಲ ಸಮ, ಗಾಳಿ ತಂಪು, ದಾರಿಯ ಬದಿಗೆ ಒಂದರ ಹಿಂದೊಂದು ಮೂರು ಕೆರೆ. ಸಂಜೆ ಉಳಿದದ್ದು ಕಲ್ಲುಗೋಡೆಯ ಒಂದು ಸಣ್ಣ ವಸತಿಗೃಹದಲ್ಲಿ. ಅದರ ಒಡತಿ ಬಿಸಿ ಸೂಪಿನ ಬಟ್ಟಲು ಇಡುತ್ತ ಹೇಳಿದರು: "ನಾಳೆ ನಿಮಗೆ ಹಬ್ಬ. ಹನ್ನೊಂದು ಕಿಲೋಮೀಟರ್ ಇಳಿಜಾರು. ಪೆಡಲ್ ಮುಟ್ಟೋದೇ ಬೇಡ, ಸುಮ್ಮನೆ ಕೂತ್ರೆ ಸಾಕು."

ಮಾಮನ ಚಮಚ ಬಟ್ಟಲಿನಲ್ಲೇ ನಿಂತಿತು. ಸೂಪು ಆರಿ ತಣ್ಣಗಾದರೂ ಅವರು ಬಾಯಿಗೆ ಹಾಕಲಿಲ್ಲ.

ಬೆಳಗ್ಗೆ ಐದು ಸಲ ಬ್ರೇಕು ನೋಡಿದರು. ಅರ್ಧ ಗಂಟೆ ತುಳಿದ ಮೇಲೆ ಬಯಲು ಮುಗಿದು ರಸ್ತೆ ಒಮ್ಮೆಗೇ ಕೆಳಗೆ ಬಾಗಿತು. ಕಣಿವೆಯ ತುಂಬ ಬೆಳಕು. ರಸ್ತೆ ಹಾವಿನ ಹಾಗೆ ಸುತ್ತುತ್ತ ಸುತ್ತುತ್ತ ಕಾಡಿನಲ್ಲಿ ಮಾಯವಾಗಿತ್ತು. ಮಾಮ ಗಕ್ಕನೆ ಬ್ರೇಕ್ ಹಿಡಿದು ಇಳಿದರು.

"ಚೈನು ಯಾಕೋ ಸದ್ದು..."

"ಚೈನಿಗೆ ಏನೂ ಆಗಿಲ್ಲ."

"ಅಲ್ಲ ಕಣೇ, ಇಷ್ಟುದ್ದ ಇಳಿಜಾರಲ್ಲಿ ಬ್ರೇಕು ಕಾದುಹೋಗುತ್ತೆ. ನಿಧಾನಕ್ಕೆ ತಳ್ಳಿಕೊಂಡು ಹೋದ್ರೆ ಮಧ್ಯಾಹ್ನದೊಳಗೆ..."

ನರ್ಸಮ್ಮ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಗಂಡನನ್ನೂ ಕೂರಿಸಿಕೊಂಡು ರಸ್ತೆಬದಿಯ ಮೋಟುಗೋಡೆಯ ಮೇಲೆ ಕೂತರು.

"ಮೂವತ್ತು ವರ್ಷದಿಂದ ಸೇತುವೆ ಮೇಲೆ ನಿಮ್ಮ ಚೈನು ಸದ್ದು ಮಾಡ್ತಾನೇ ಇದೆ. ನನಗೇನು ಕಿವಿ ಕೇಳಿಸಲ್ವಾ?"

ಮಾಮನ ಮುಖ ಕೆಂಪಾಯಿತು. ಕೈಯ ಗ್ರೀಸನ್ನೇ ಉಜ್ಜತೊಡಗಿದರು. "ಗೊತ್ತಿತ್ತಾ?"

"ನಿಮ್ಮಮ್ಮ ಹೇಳಿದ್ರು. ನಮ್ಮ ಮದುವೆ ಆದ ಎರಡನೇ ವಾರ. ಇಟ್ಟಿಗೆ ರಾಶಿ ಕಥೆ ಪೂರ್ತಿ."

"ಮತ್ತೆ ಒಂದು ದಿನವೂ ಕೇಳಲಿಲ್ಲ?"

"ನೀವೇ ಹೇಳ್ತೀರೇನೋ ಅಂತ ಕಾದೆ. ನೀವೋ, ಭಾರೀ ಗಟ್ಟಿ ಮನುಷ್ಯ! ಪಾಪ, ಮೂರು ಬ್ರೇಕು ಬೇರೆ ಹಾಕಿದ್ರಿ."

ಮಾಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಿಟ್ಟೂ ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇಷ್ಟು ವರ್ಷ ಈಕೆ ಸೇತುವೆಯ ಇಳಿಜಾರಿನ ಬುಡದಲ್ಲಿ ಸೈಕಲ್ ನಿಲ್ಲಿಸಿಕೊಂಡು, ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ತನಗಾಗಿ ಕಾಯುತ್ತಿದ್ದದ್ದು ಈಗ ಒಂದೊಂದಾಗಿ ನೆನಪಾಯಿತು.

ನರ್ಸಮ್ಮ ಎದ್ದು ಮುಂದಿನ ಸೀಟನ್ನು ತೋರಿಸಿದರು. "ಇದನ್ನ ಎರಡು ಬೆರಳು ಇಳಿಸಿಕೊಡಿ. ನಾನು ಮುಂದೆ ಕೂರ್ತೀನಿ."

"ನೀನಾ? ಇಷ್ಟುದ್ದದ ಗಾಡೀನ?"

"ಹತ್ತು ಮಂದಿ ಬಾಣಂತಿಯರನ್ನ ಒಟ್ಟಿಗೆ ಸಂಭಾಳಿಸಿದೀನಿ. ನೀವೊಬ್ಬರು ಭಾರಾನಾ?"

ಮಾಮ ಸ್ಪ್ಯಾನರ್ ತೆಗೆದರು. ಸೀಟು ಇಳಿಸಿ, ನಟ್ಟು ಬಿಗಿಸಿ, ಮತ್ತೊಮ್ಮೆ ಬಿಗಿಸಿ, ಹಿಂದಿನ ಸೀಟು ಹತ್ತಿ ಕಣ್ಣು ಮುಚ್ಚಿದರು. ಸೈಕಲ್ ಉರುಳಿತು. ಮಾಮ ಹಿಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು.

"ಉಸಿರು ಎಳ್ಕೊಳ್ಳಿ," ಎಂದು ಮುಂದಿನಿಂದ ದನಿ ಬಂತು. "ಈಗ ನಿಧಾನಕ್ಕೆ ಬಿಡಿ. ಹಾಂ, ಇನ್ನೊಂದ್ಸಲ. ಹೆದರ್ಕೋಬೇಡಿ, ನಾನಿಲ್ಲೇ ಇದೀನಿ. ಬಿಡಿ, ಬಿಡಿ, ಜಾಣ!"

ಅದು ಹೆರಿಗೆ ವಾರ್ಡಿನ ದನಿ. ತಾನೇನು ಹೆರುತ್ತಿಲ್ಲವಲ್ಲ ಎಂದು ಹೇಳಲು ಬಾಯಿ ತೆರೆದ ಮಾಮನಿಗೆ ಅಂಥ ಸಂಕಟದಲ್ಲೂ ನಗು ನುಗ್ಗಿ ಬಂತು. ನಗುತ್ತಲೇ ಕಣ್ಣು ತೆರೆದರು. ಹಿಂದಿನ ಸೀಟಿಗೆ ಗುಂಡಿ ನೋಡುವ ಕೆಲಸವಿಲ್ಲ. ಎಡಕ್ಕೆ ತಿರುಗಿದರೆ ಕಣಿವೆ, ಬಲಕ್ಕೆ ತಿರುಗಿದರೆ ಬಂಡೆಯಿಂದ ಜಿನುಗುವ ನೀರು, ಅದರ ಪಾಚಿಯ ಮೇಲೆ ಬಿಸಿಲು. ನಾಲ್ಕು ದಿನದಿಂದ ಗುಡ್ಡದಲ್ಲೇ ಇದ್ದರೂ ಗುಡ್ಡವನ್ನು ನೋಡಿದ್ದು ಆಗಲೇ. ಆರನೇ ತಿರುವಿನ ಹೊತ್ತಿಗೆ ಬೆರಳುಗಳ ಬಿಗಿ ಸಡಿಲಾಯಿತು. ಒಂಬತ್ತನೆಯದಕ್ಕೆ "ಅಲ್ಲಿ ನೋಡೇ, ಹದ್ದು!" ಎಂದು ಕೂಗಿದರು.

"ನಾನು ಎಲ್ಲಿಂದ ನೋಡ್ಲಿ? ರಸ್ತೆ ನೋಡ್ಬೇಡ್ವಾ?" ಎಂದು ನರ್ಸಮ್ಮ ರೇಗಿದರು.

ಕೆಳಗೆ ತಲುಪಿದಾಗ ಮಾಮ ಹೊಳೆದಂಡೆಯ ಕಲ್ಲಿನ ಮೇಲೆ ಕೂತು ಮುಖ ತೊಳೆದುಕೊಂಡರು. ಬೇಕಾದ್ದಕ್ಕಿಂತ ಹೆಚ್ಚೇ ನೀರು ಎರಚಿಕೊಂಡರು. ನರ್ಸಮ್ಮ ಕಂಡೂ ಕಾಣದವರಂತೆ ಒರೆಸಿಕೊಳ್ಳಲು ಟವೆಲ್ ಚಾಚಿದರು.

ಐದನೆಯ ದಿನ ಹೊಳೆಯ ಬದಿಯ ಸಪಾಟು ದಾರಿ. ಹಸಿರು ಸೈಕಲ್ಲು ರೈಲಿನ ಸಾಮಾನಿನ ಬೋಗಿಯಲ್ಲಿ ಊರಿಗೆ ಮರಳಿತು. ಭಯ ಪೂರ್ತಿ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಒಬ್ಬರೇ ಇದ್ದರೆ ಮಾಮ ಈಗಲೂ ಸೇತುವೆಯ ಮೇಲೆ ಇಳಿದೇ ಹೋಗುತ್ತಾರೆ. ಆದರೆ ಯಾರಾದರೂ ಕೇಳಿದರೆ ಚೈನಿನ ಮೇಲೆ ಹಾಕುವುದಿಲ್ಲ. "ಹೆದರಿಕೆ ಕಣಪ್ಪಾ" ಎನ್ನುತ್ತಾರೆ. ಅಂಗಡಿಗೆ ಗಿರಾಕಿಗಳೇನೂ ಕಡಿಮೆಯಾಗಿಲ್ಲ. ಆಮೇಲೆ ಗಂಡಹೆಂಡತಿ ಇನ್ನೆರಡು ಸಲ ಗುಡ್ಡಕ್ಕೆ ಹೋಗಿಬಂದರು. ಏರಿಗೆ ಮಾಮ ಮುಂದೆ, ಇಳಿಜಾರಿಗೆ ನರ್ಸಮ್ಮ ಮುಂದೆ. ಮಟ್ಟಸ ದಾರಿ ಬಂದಾಗ ಯಾರು ಮುಂದೆ ಎನ್ನುವುದಕ್ಕೆ ಮಾತ್ರ ದಿನಾ ಜಗಳ, ಯಾಕೆಂದರೆ ಈಗ ಇಬ್ಬರಿಗೂ ಹಿಂದಿನ ಸೀಟೇ ಬೇಕು.