ಗೌಂಡಿ ಚಾಚಾನ ಕಮಾನು

ನಮ್ಮ ಬೀದರಿನ ಚರ್ಚು ನೋಡಲು ಬಂದವರೆಲ್ಲ ಬಲಿಪೀಠದ ಮುಂದಿನ ಕಮಾನಿನ ಕೆಳಗೆ ನಿಂತು ಕತ್ತೆತ್ತುತ್ತಾರೆ. ಕೆಂಪು ಜಂಬಿಟ್ಟಿಗೆ ಕಲ್ಲು, ನಡುವೆ ಎಳೆಯಷ್ಟು ಸುಣ್ಣದ ಗೆರೆ. "ಎಷ್ಟ ಚಂದ ಅದ ರೀ" ಅನ್ನುತ್ತಾರೆ. ಚಂದ ಅದೆ, ಯಾರು ಇಲ್ಲ ಅಂದರು? ಹೂಂಗುಟ್ಟಿ ಹೂಂಗುಟ್ಟಿ ನನಗೆ ಸಾಕಾಗಿದೆ. ಅದರ ಕೆಳಗೆ ವರ್ಷಗಟ್ಟಲೆ ಕಸ ಗುಡಿಸಿದವಳು ನಾನು.

ನಾನು ಮದುವೆಯಾಗಿ ಭಾಲ್ಕಿಯಿಂದ ಬಂದಾಗ ಇನ್ನೂ ನಿಜಾಮರ ಆಳ್ವಿಕೆ. ಚರ್ಚು ಕಟ್ಟುತ್ತಿದ್ದರು, ನನ್ನ ಗಂಡ ಅಲ್ಲಿ ಕಾವಲಿಗಿದ್ದ. ಕಮಾನು ಕಟ್ಟಿದವರು ನೌಬಾದದ ಗೌಂಡಿ ಚಾಚಾ. ಕೆಳಗಿಂದ ಕಟ್ಟಿಗೆಯ ಆಸರೆ ಕೊಟ್ಟು, ಅದರ ಮೇಲೆ ಕಮಾನಿನ ಕೊನೆಯ ಕಲ್ಲು ಕೂರಿಸಿ, "ಗಚ್ಚು ಒಣಗಲಿ. ಅಷ್ಟರಾಗ ಔರಾದಕ್ಕ ಹೋಗಿ ತಮ್ಮನ್ನ ನೋಡ್ಕೊಂಡು ಬರ್ತೇನಿ. ಆಸರಿ ಕಟ್ಟಿಗಿ ನಾನೇ ತಗೀತೇನಿ" ಎಂದು ಹೋದರು. ಅದರ ಬೆನ್ನಿಗೇ ಪೊಲೀಸ್ ಆಕ್ಷನ್ ಆಯಿತು, ದಿಲ್ಲಿಯ ಸೈನ್ಯ ಬಂದು ನಿಜಾಮರ ರಾಜ್ಯ ಬಿತ್ತು, ಹಳ್ಳಿಹಳ್ಳಿಯಲ್ಲಿ ಕೊಲೆ ಸುಲಿಗೆ ನಡೆಯಿತು. ದಾರಿಯಲ್ಲಿ ಏನಾಯಿತೋ, ಚಾಚಾ ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ.

ನಮ್ಮ ಕಡೆಯ ಗೌಂಡಿಗಳಲ್ಲಿ ಒಂದು ರೂಢಿಯಿತ್ತು. ಆಸರೆ ತೆಗೆಯುವಾಗ ಕಮಾನು ಕಟ್ಟಿದವನೇ ಕೆಳಗೆ ನಿಲ್ಲಬೇಕು, ಬಿದ್ದರೆ ಅವನ ತಲೆಯ ಮೇಲೇ ಬೀಳಲಿ ಎಂದು. ಬೇರೆ ಗೌಂಡಿಗಳನ್ನು ಕರೆದರೆ, "ಕಟ್ಟಿದಾಂವ ಬರ್ಲಿ ತಗೋರಿ" ಎಂದು ಜಾರಿಕೊಂಡರು. ಫಾದರ್ ಆ ಕಟ್ಟಿಗೆಗಳ ಸಂದಿಯಲ್ಲೇ ಪೂಜೆ ಮಾಡಿದರು. ಒಬ್ಬ ಮದುಮಗಳ ಸೆರಗು ಮೊಳೆಗೆ ಸಿಕ್ಕಿ ಹರಿಯಿತು. ಗೆದ್ದಲು ಹಿಡಿದು ಹುಡಿ ಉದುರುತ್ತಿತ್ತು. ಮುಂಜಾನೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ. ನನ್ನ ಸೊಂಟ ಬಿದ್ದುಹೋಯಿತು.

ಚಾಚಾನ ಹೆಂಡತಿ ಸಂತೆಗೆ ಬಂದಾಗಲೆಲ್ಲ ಚರ್ಚಿನ ಬಾಗಿಲಲ್ಲಿ ನಿಂತು ಇಣುಕುತ್ತಿದ್ದರು. ಕೈತುಂಬ ಹಸಿರು ಬಳೆ.

"ಕಟ್ಟಿಗಿ ಹಂಗೇ ಅದಾವಲ್ಲ ಬೇಟಿ?"

"ಅದಾವ್ರಿ ಚಾಚಿ."

"ಹಂಗಾದ್ರ ಬರ್ತಾರ. ಕೆಲಸ ಅರ್ಧಕ್ಕ ಬಿಟ್ಟು ಹೋಗೋ ಮನಷ್ಯಾ ಅಲ್ಲ ಅವ್ರು."

ಮೊದಮೊದಲು ನನ್ನ ಕರುಳು ಚುರ್ ಅನ್ನುತ್ತಿತ್ತು. ಬರಬರುತ್ತ ಅದಕ್ಕೂ ದಣಿದೆ.

ಒಂದು ಮಳೆಗಾಲ ಗೆದ್ದಲು ತಿಂದ ಕಟ್ಟಿಗೆಯೊಂದು ತಾನೇ ಮುರಿದು ಬಿತ್ತು. ಇನ್ನು ಬಿಡುವಂತಿಲ್ಲ ಎಂದು ಫಾದರ್ ಬಡಿಗನನ್ನು ಕರೆಸಿದರು. ಚಾಚಿಗೆ ತಿಳಿಸುವ ಕೆಲಸ ನನ್ನ ಪಾಲಿಗೇ ಬಂತು, ಇನ್ಯಾರ ಪಾಲಿಗೆ ಬರಬೇಕು! ಸುದ್ದಿ ಕೇಳಿ ಅವರು ಅಳಲಿಲ್ಲ. ನನ್ನ ಜೊತೆಗೇ ನಡೆದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಸೀದಾ ಕಮಾನಿನ ಕೆಳಗೆ ಹೋಗಿ ನಿಂತರು.

"ಆ ಕಡಿ ಸರೀರಿ" ಎಂದ ಬಡಿಗ.

"ಇದು ಅವ್ರು ನಿಂದ್ರೋ ಜಾಗಾ. ನೀ ಬೆಣಿ ಬಡಿಯಪ್ಪಾ."

ಬಡಿಗ ಆಸರೆಯ ಬುಡದ ಬೆಣೆಗೆ ಬಡಿದ. ಬೆಣೆ ಜಾರಿತು, ಕಟ್ಟಿಗೆಗಳು ಬಿದ್ದವು. ಮೇಲಿನ ಒಂದು ಕಲ್ಲೂ ಅಲುಗಲಿಲ್ಲ. ನಮ್ಮೆಲ್ಲರ ಮುಖ ಅರಳಿತು. ಚಾಚಿ ಮಾತ್ರ ಬಹಳ ಹೊತ್ತು ಮೇಲೆ ನೋಡಿ, ಆ ಹುಡಿಯಲ್ಲೇ ಕುಸಿದು ಕೂತರು.

"ಕೆಲಸ ಮುಗೀತು ಬೇಟಿ. ಇನ್ನ ಯಾತಕ್ಕ ಬರ್ತಾರ ಅವ್ರು?"

ಕೈಬಳೆಗಳನ್ನು ಒಂದೊಂದೇ ಕಳಚಿ ನೆಲಕ್ಕಿಟ್ಟರು. ಆವತ್ತು ನಾನು ಅಲ್ಲಿ ಕಸ ಗುಡಿಸಲಿಲ್ಲ.